ಕಬ್ಬು ಹೊರದ ಗಡಿಯಾರ

ಸುಮ್ನೆ ಕೂತ್ಕಳ್ರೋ. ಈ ಕತೆ ನನ್ನಷ್ಟು ಸರಿಯಾಗಿ ಸುತ್ತೇಳು ಹಳ್ಳೀಲಿ ಯಾವನೂ ಹೇಳಲ್ಲ. ಬಾಳ ಹಿಂದೆ, ಕೆರೆ ಏರಿ ಇನ್ನೂ ಸೊಂಟದೆತ್ರ ಇದ್ದಾಗ, ನಮ್ಮೂರಲ್ಲಿ ಸಣ್ಣೀರಾಚಾರಿ ಅಂತ ಗಾಡಿ ಮಾಡೋನೊಬ್ಬ ಇದ್ನಂತೆ. ಅವನು ಕೂರ್ಸಿದ ಅಚ್ಚು ಮುರ್ದದ್ದು ಯಾರೂ ಕಂಡಿಲ್ವಂತೆ.

ಆಗ ಕೆರೆ ನೀರಿಗೆ ನೆರಳು ನೋಡಿ ಸರದಿ. ಮೋಡ ಮುಚ್ಚಿದ್ರೆ ನೆರಳೆಲ್ಲಿ? ಮೇಲ್ಕೇರಿಯೋರು ಕೆಳಗೇರಿಯೋರು ಗುದ್ದಲಿ ಹಿಡ್ಕೊಂಡು ನಿಲ್ತಿದ್ರಂತೆ. ನಾನೊಂದು ಗಡಿಯಾರ ಮಾಡ್ತೀನಿ, ಇನ್ಮೇಲೆ ಯಾರ ತಲೇನೂ ಒಡೆಯಲ್ಲ ಅಂದ್ನಂತೆ ಆಚಾರಿ. ಪಟೇಲ ನಕ್ಕು, ಹೊತ್ತುಟ್ಟಿ ಹೊತ್ತು ಮುಳುಗೋಗಂಟ ಓಡ್ಬೇಕು, ನಿಂತ್ರೆ ಅದೇ ನಮ್ಮನೆ ಬಚ್ಚಲ ಹಂಡೆ ಒಲೆಗೆ ಸೌದೆ ಅಂದ್ನಂತೆ.

ಹಲಸಿನ ಹಲಗೇಲಿ ಚಕ್ರ ಕುಯ್ದ. ತೂಗಾಡೋಕೆ ಮರಳು ತುಂಬಿದ ಕಾಯಿಚಿಪ್ಪು, ಎಳೆಯೋಕೆ ಗುಂಡುಕಲ್ಲು. ಟಕ್ ಟಕ್ ಅಂತಂತೆ, ಎಲೆಅಡಿಕೆ ಹಾಕ್ಕೊಳ್ಳೋಷ್ಟ್ರಲ್ಲಿ ನಿಂತೋಯ್ತಂತೆ. ಗಾಡಿ ಕಿರುಗುಟ್ಟಿದ್ರೆ ಏನ್ಮಾಡ್ತೀವಿ? ಹರಳೆಣ್ಣೆಗೆ ಹುಲ್ಲು ಸುಟ್ಟ ಮಸಿ ಕಲಸಿ ಕೀಲೆಣ್ಣೆ ಬಳೀತೀವಿ. ಅವನೂ ಬಳ್ದ. ಇನ್ನೂ ಬೇಗ ನಿಂತೋಯ್ತಂತೆ. ಇನ್ನೊಂದು ಕಲ್ಲು ಕಟ್ದ. ಇನ್ನಷ್ಟು ಬಳ್ದ. ಧೂಳೆಲ್ಲ ಮೆತ್ಕೊಂಡು ಅಚ್ಚು ಕರೀಬೆಲ್ಲದ ಪಾಕ ಆಗೋಯ್ತಂತೆ. ಪಟೇಲನ ಆಳು ಕೊಡಲಿ ತಂದು ಜಗಲಿ ಮೇಲೆ ಕೂತೇಬಿಟ್ನಂತೆ.

ಹೆಂಡ್ತಿ ಮುದ್ದಮ್ಮ ಒಳಗಿಂದ ಬಂದು, ಹೆಬ್ಬೆರಳು ಗಾತ್ರದ ಅಚ್ಚು ನೋಡಿ, ಕೇಳಿದ್ದು ಒಂದೇ ಮಾತಂತೆ.

"ಅಲ್ಲಾ, ಈ ನಿಮ್ ಗಡಿಯಾರ ಯಾವ ಆಲೆಮನೆಗೆ ಕಬ್ಬು ಹೊರ್ಬೇಕು?"

ಆಚಾರಿ ಅಚ್ಚು ಕಿತ್ತು ಕೈಲಿ ಹಿಡ್ದು ನೋಡಿದ್ನಂತೆ. ಹುಟ್ಟಿದಾಗಿಂದ ಭಾರ ಹೊರೋ ಅಚ್ಚೇ ಮಾಡಿದ್ದೋನು, ಇದಕ್ಕೂ ಅದನ್ನೇ ಕೂರ್ಸಿದ್ದ. ಮುದ್ದಮ್ಮ ಚಕ್ರಕ್ಕೆಲ್ಲ ಸೀಗೆಪುಡಿ ಹಾಕಿ, ಎಣ್ಣೆ ತಲೆ ತಿಕ್ಕಿದಂಗೆ ತಿಕ್ಕಿ ಜಿಡ್ಡು ಬಿಡಿಸಿದ್ಲಂತೆ. ಅವನು ಗೋಣಿ ಹೊಲಿಯೋ ದಬ್ಬಳ ಮುರ್ದು, ಉಜ್ಜಿ ಉಜ್ಜಿ ಕನ್ನಡಿ ಮಾಡಿ, ಅದನ್ನೇ ಅಚ್ಚಿಗಿಟ್ಟ. ಅದು ಕೂರೋ ಜಾಗಕ್ಕೆ ಅವಳ ಹೆಚ್ಚಿದ ಹಸಿರು ಬಳೆ ಚೂರು. ಎಣ್ಣೆ ಎಷ್ಟಂತೀರಿ? ಕೋಳಿಪುಕ್ಕದ ತುದೀಲಿ ಒಂದು ಸೋಕು. ಉಫ್ ಅಂದ್ರೆ ಸಾಕು, ಚಕ್ರ ತಿರುಗ್ತಾನೇ ಇತ್ತಂತೆ.

ಹೊತ್ತು ಮುಳುಗ್ತು, ಗಡಿಯಾರ ಮಾತ್ರ ನಿಲ್ಲಲಿಲ್ವಂತೆ. ಮೂರು ತಿಂಗಳು ಓಡ್ತು ಅಂತಾರೆ ಕೆಲವರು. ಸುಳ್ಳು. ಆರು ತಿಂಗಳು. ಪಟೇಲ ಆವತ್ತು ತಣ್ಣೀರಲ್ಲೇ ಮಿಂದ್ನಂತೆ.

ಈಗ ಒಂದೇ ಚಕ್ರ ಉಳ್ಕೊಂಡಿದೆ, ಬಳೆ ಚೂರಿನ ಸಮೇತ. ಇವತ್ತಿಗೂ ವರ್ಷದ ಮೊದಲ ನೀರು ಬಿಡೋ ದಿನ ಹೆಂಗಸ್ರು ಅದನ್ನ ಸೀಗೆ ಹಾಕಿ ತಿಕ್ಕಿ ಕೊಡ್ತಾರೆ. ಊರಿಗೆ ಹಿರೀಕ ಆದೋನು ಉಫ್ ಅಂತ ಊದ್ಬೇಕು. ತಿರುಗಿದ ಮೇಲೇ ತೂಬು ಎತ್ತೋದು. ಹನ್ನೊಂದು ವರ್ಷದಿಂದ ಊದ್ತಿರೋನು ನಾನೇ. ಬಾಯಲ್ಲಿ ಒಂದೂ ಹಲ್ಲಿಲ್ಲ, ಚಕ್ರ ಒಂದು ಸಲಾನೂ ತಿರುಗ್ದೆ ನಿಂತಿಲ್ಲ.