ತಿಪ್ಪೇಶ ಕಂಪ್ಯೂಟರ್ ತರಲು ಹೋದದ್ದು

ಚಳ್ಳಕೆರೆಯ ಒಂದು ಗಲ್ಲಿಯಲ್ಲಿ ಓಬಮ್ಮ ಅಂತ ಒಬ್ಬಳಿದ್ದಳು. ರವಿಕೆ ಹೊಲಿಯೋದರಲ್ಲಿ ಎತ್ತಿದ ಕೈ. ಇದ್ದವನು ಒಬ್ಬನೇ ಮಗ, ತಿಪ್ಪೇಶ. ಆಳು ನೋಡಿದರೆ ಆರಡಿ, ತಲೆ ನೋಡಿದರೆ ಬರೀ ಕೂದಲು!

ಎದುರಿಗೆ ಹೊಸ ಟೈಲರ್ ಅಂಗಡಿ ಬಂತು. ಅಲ್ಲಿ ಕಂಪ್ಯೂಟರಿನಲ್ಲಿ ಡಿಸೈನು ತೋರಿಸ್ತಾರೆ ಅಂತ ಗಿರಾಕಿಗಳೆಲ್ಲ ಆ ಕಡೆ ಹಾರಿದರು. ಓಬಮ್ಮನ ಹೊಟ್ಟೆ ಉರೀತು.

"ಲೇ ತಿಪ್ಪ! ನಮಗೂ ಒಂದು ಕಂಪ್ಯೂಟರ್ ತಾರೋ. ನಮ್ಮಂಗಡಿ ಗೂಡಿನಷ್ಟೈತೆ, ಚಿಕ್ಕದು ನೋಡು. ಅಗ್ಗದ್ದು ನೋಡು!"

"ಆಗ್ಲವ್ವ!" ಅಂದ, ಹೋದ. ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಅಗ್ಗದ್ದು ಹುಡುಕಿ, ಒಂದು ಮೌಸನ್ನು ಬಾಲ ಹಿಡಿದು ತಂದ.

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಬರೀ ಮೌಸ್ ತಂದ್ಯಲ್ಲೋ! ಚಿಕ್ಕದಾದ್ರೂ ಮೆಮೊರಿ ಜಾಸ್ತಿ ಇರಬೇಕು. ನೆನಪು ಕಣೋ, ನೆನಪು!"

"ಆಗ್ಲವ್ವ!" ಅಂದ, ಹೋದ. ಅದೇ ಗಲ್ಲಿಯ ಗಿಡ್ಡ ಬೋರಜ್ಜನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಚಿಕ್ಕ ಆಳು, ಮೂರು ತಲೆಮಾರಿನ ಸಂಗತಿ ನಾಲಿಗೆ ತುದೀಲಿ!

ಅಜ್ಜ ಇಳಿದವನೇ ಶುರುಮಾಡಿದ: "ಓಬಿ, ನಿನ್ನ ಮದುವೇಲಿ ನಿಮ್ಮಪ್ಪ ಹೋಳಿಗೆ ಬುಟ್ಟಿ ಬಚ್ಚಿಟ್ಟು ಬೀಗರ ಕೈಗೆ ಸಿಕ್ಕಿಬಿದ್ದಿದ್ದ, ಅಲ್ವ?"

ಅಜ್ಜನಿಗೆ ಚಾ ಕುಡಿಸಿ ಸಾಗಹಾಕಿ, ಓಬಮ್ಮ ಅಳತೆಕೋಲು ಎತ್ತಿಕೊಂಡಳು.

"ಬಾಯಿಬಡಕನ್ನ ತರ್ತೀಯೇನೋ! ಸದ್ದು ಮಾಡಬಾರದು, ಬಿಸಿ ಆಗಬಾರದು, ಎಷ್ಟು ಹೊತ್ತಿಟ್ರೂ ಒಳಗೆ ತಂಪಾಗಿರಬೇಕು. ಅಂಥದ್ದು ತಾ!"

"ಆಗ್ಲವ್ವ!" ಅಂದ, ಹೋದ. ಕುಂಬಾರರ ಕೇರಿಯಿಂದ ಮಣ್ಣಿನ ಹೂಜಿ ತಂದ. ದಾರಿಯುದ್ದಕ್ಕೂ "ನಮ್ಮವ್ವನ ಕಂಪ್ಯೂಟರ್! ನಮ್ಮವ್ವನ ಕಂಪ್ಯೂಟರ್!" ಅಂತ ಕೂಗಿಕೊಂಡು ಬಂದ. ಎದುರಂಗಡಿಯವರು ಬಿದ್ದು ಬಿದ್ದು ನಕ್ಕರು.

"ಮಾನ ಕಳೆದ್ಯಲ್ಲೋ! ಊರಿಗೆಲ್ಲ ಸಾರಿಕೊಂಡು ಬರ್ತಾರೇನೋ? ಇನ್ನು ಮೇಲೆ ಅಂಗಡಿ ಗುಟ್ಟು ಒಂದು ನರಪಿಳ್ಳೆಗೂ ಗೊತ್ತಾಗಬಾರದು!"

"ಗೊತ್ತಾಗಲ್ಲವ್ವ!"

ಕೊನೆಗೆ ಓಬಮ್ಮನೇ ನಾಲ್ಕಾರು ಅಂಗಡಿ ಹತ್ತಿಳಿದು, ಚೌಕಾಸಿ ಮಾಡಿ, ಊಟದ ಡಬ್ಬಿಯಷ್ಟೇ ಇರೋ ಕಂಪ್ಯೂಟರ್ ತಂದಳು. ಅದು ಹೊಲಿಗೆ ಮಿಷಿನ್ನಿನ ಪಕ್ಕ ಕೂತಿತು. ಗೋಡೆಯ ಟಿವಿಗೆ ತಂತಿ ಸೇರಿತು. ಜೋಡಿಸಿಕೊಟ್ಟವನು, "ಒಂದು ಪಾಸ್‌ವರ್ಡ್ ಹಾಕ್ಕೊಳ್ಳಿ. ಅದನ್ನ ಒತ್ತಿದರೇನೇ ಮುಂದಕ್ಕೆ ಹೋಗೋದು" ಅಂದು ಹೊರಟ.

"ತಿಪ್ಪ, ಅದೊಂದು ಮಾಡಿಡು!" ಅಂತ ಓಬಮ್ಮ ಎದುರಂಗಡಿಯ ಮುಂದೆ ನಿಂತಿದ್ದ ಮದುವೆ ಮನೆಯವರನ್ನು ಕರೆಯೋಕೆ ಓಡಿದಳು. ಹತ್ತು ರವಿಕೆಯ ಗಿರಾಕಿ! ಪುಸಲಾಯಿಸಿ ಕರೆತಂದು ಕೂರಿಸಿದಳು.

ಟಿವಿ ಪಾಸ್‌ವರ್ಡ್ ಕೇಳ್ತಾ ಕೂತಿತ್ತು.

"ಏನು ಒತ್ತಿದ್ಯೋ, ಹೇಳು!"

"ಹೇಳಲ್ಲ!"

"ಹೆತ್ತ ತಾಯಿ ಕಣೋ ನಾನು!"

"ನೀನೂ ನರಪಿಳ್ಳೆನೇ ಅಲ್ವೇನವ್ವ?"

ಮದುವಣಗಿತ್ತಿ ಎದ್ದು ಚಪ್ಪಲಿ ಮೆಟ್ಟಿದಳು. ಓಬಮ್ಮ ಮಗನ ಗಲ್ಲ ಹಿಡಿದು ಬೇಡಿದಳು: "ನಮ್ಮಪ್ಪ, ನಮಗೆ ಹೇಳಬ್ಯಾಡ. ನಾವೆಲ್ಲ ಆ ಕಡೆ ತಿರುಗ್ತೀವಿ, ನೀನೇ ಒತ್ತು!"

ತಿಪ್ಪೇಶ ಎದೆ ಉಬ್ಬಿಸಿದ.

"ನನಗೆಲ್ಲಿ ಗೊತ್ತವ್ವ? ನಾನೂ ನರಪಿಳ್ಳೆನೇ ಅಲ್ವ! ಕಣ್ಣು ಮುಚ್ಕೊಂಡು ಒತ್ತಿದೀನಿ!"