ಮಣಿಕಟ್ಟಿನ ಮೇಲೆ ಎಳೆದ ಗೆರೆ

"ಗುರುಗಳೇ, ಮಂಟಪದ ಗೋಡೆಯ ಮೇಲಿರುವ ಆ ಹೆಂಗಸಿನ ಚಿತ್ರಕ್ಕೆ ಸುಣ್ಣ ಬಳಿಯಲು ಅಪ್ಪಣೆ ಕೊಡುವಿರಾ?" ಎಂದು ಶಿಷ್ಯ ಕೊಟ್ರಯ್ಯ ಕೇಳಿದನು. ಕಲಸಿದ ಸುಣ್ಣದ ಬೋಗುಣಿಯನ್ನು ಅವನು ಆಗಲೇ ತಂದು ಮುಂದಿಟ್ಟುಕೊಂಡಿದ್ದನು.

"ಆ ಚಿತ್ರ ನಿನಗೇನು ಮಾಡಿತು?" ಎಂದರು ಗುರುಗಳು.

"ಕಸ ಗುಡಿಸಲು ಹೋದಾಗಲೆಲ್ಲ ಕಣ್ಣು ಅಲ್ಲಿಗೇ ಹೋಗುತ್ತದೆ. ಅವಳು ಕೈ ಎತ್ತಿ ನಿಂತಿದ್ದಾಳೆ. ಆ ಕೈ ಕೊಂಬೆಯಾಗಿದೆ. ಕೈ ಎಲ್ಲಿ ಮುಗಿಯಿತು, ಕೊಂಬೆ ಎಲ್ಲಿ ಮೊದಲಾಯಿತು ಎಂದು ಹುಡುಕುತ್ತೇನೆ, ಸಿಗುವುದಿಲ್ಲ. ಹುಡುಕುತ್ತ ನಿಂತರೆ ನನ್ನ ಮಣಿಕಟ್ಟೇ ನೋಯತೊಡಗುತ್ತದೆ. ಮನುಷ್ಯನೂ ಪ್ರಕೃತಿಯೂ ಒಂದೇ ಎಂದು ತಾವು ಪಾಠದಲ್ಲಿ ಹೇಳಿದಾಗ ಕೇಳಲು ಹಿತವಾಗಿತ್ತು. ಅದನ್ನೇ ಗೋಡೆಯ ಮೇಲೆ ಕಂಡರೆ ಏಕೆ ಇಷ್ಟು ಭಯ? ನನ್ನ ಈ ಭಯ ಹೋಗಬೇಕು, ಗುರುಗಳೇ."

ಗುರುಗಳು ಬೋಗುಣಿಯನ್ನು ಪಕ್ಕಕ್ಕೆ ಸರಿಸಿದರು. ಕುಳಿತುಕೊಳ್ಳುವಂತೆ ಸನ್ನೆ ಮಾಡಿ, ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಚಿತ್ರಗಾರನಿದ್ದನು. ಗೋಡೆಗಳ ಮೇಲೆ ಚಿತ್ರ ಬರೆಯುವುದು ಅವನ ಮನೆತನದ ಕಸುಬು. ಆ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ಮೊದಲು ಬಣ್ಣ ತುಂಬಬೇಕು. ಬಣ್ಣ ಒಣಗಿದ ಮೇಲೆ, ದೀಪದ ಕಾಡಿಗೆಯನ್ನು ಬೇವಿನ ಅಂಟಿನಲ್ಲಿ ಅರೆದು, ಆ ಕಪ್ಪಿನಿಂದ ಪ್ರತಿಯೊಂದು ರೂಪದ ಸುತ್ತಲೂ ಗೆರೆ ಎಳೆಯಬೇಕು. ಗೆರೆಯ ತುದಿಗೆ ತುದಿ ಕೂಡುವವರೆಗೂ ಗೋಡೆಯ ಮುಂದಿನಿಂದ ಏಳಬಾರದು. "ಗೆರೆಯೆಂದರೆ ಬೇಲಿ. ಬೇಲಿ ಬಿಟ್ಟುಹೋದ ಕಡೆ ಒಂದರ ಜೀವ ಇನ್ನೊಂದಕ್ಕೆ ಹರಿಯುತ್ತದೆ" ಎಂದು ಅವನ ತಂದೆ ಹೇಳುತ್ತಿದ್ದನು. ಮಗ ಅದನ್ನು ಕೇಳಿಕೊಂಡಿದ್ದನು, ನಂಬಿರಲಿಲ್ಲ.

ಅದೇ ಊರಿನ ವ್ಯಾಪಾರಿಯೊಬ್ಬನು ದಾರಿಹೋಕರಿಗಾಗಿ ಛತ್ರ ಕಟ್ಟಿಸುತ್ತಿದ್ದನು. ಛತ್ರದ ಗೋಡೆಗೆ ಯಾರೂ ಎಲ್ಲಿಯೂ ಕಂಡಿರದ ಚಿತ್ರ ಬೇಕು ಎಂದು ಚಿತ್ರಗಾರನಿಗೆ ಹೇಳಿ ಕಳುಹಿಸಿದನು. ಚಿತ್ರಗಾರನು ವಾಸವಿದ್ದ ಮನೆ ವ್ಯಾಪಾರಿಗೆ ಸೇರಿದ್ದು. ಅಂಗಳದಲ್ಲಿದ್ದ ಬೇವಿನ ಮರವೂ ಅವನದೇ.

ಏನು ಬರೆಯಲಿ ಎಂದು ಚಿತ್ರಗಾರನು ಅಂಗಳದಲ್ಲಿ ಕುಳಿತಿದ್ದಾಗ ಅವನ ಹೆಂಡತಿ ಒದ್ದೆ ಸೀರೆಯನ್ನು ಬೇವಿನ ಕೊಂಬೆಗೆ ಹರವಲು ಕೈ ಎತ್ತಿದಳು. ಎಲೆಗಳ ನೆರಳು ಆ ಕೈಯ ಮೇಲೆ ಬಿದ್ದಿತು. ಒಂದು ಕ್ಷಣ ಕೈ ಯಾವುದು, ಕೊಂಬೆ ಯಾವುದು ಎಂದು ಅವನಿಗೆ ತಿಳಿಯಲಿಲ್ಲ. ಅವನು ಎದ್ದು ನೇರವಾಗಿ ಛತ್ರಕ್ಕೆ ಹೋದನು.

ಹೆಂಡತಿಯನ್ನೇ ಬರೆದನು. ಎತ್ತಿದ ಕೈಯ ಮಣಿಕಟ್ಟಿನಲ್ಲಿ ತೊಗಟೆ ಮೂಡಿಸಿದನು. ಬೆರಳುಗಳಿಂದ ಎಲೆ ಹೊರಡಿಸಿದನು. ಅಂಗೈಯಲ್ಲಿ ಗುಬ್ಬಿಯ ಗೂಡು ಇರಿಸಿದನು. ಎಲ್ಲ ರೂಪಗಳಿಗೂ ಕಪ್ಪು ಗೆರೆ ಎಳೆದನು. ಮಣಿಕಟ್ಟಿಗೆ ಬಂದಾಗ ಕುಂಚವನ್ನು ತಡೆದನು. ಅಲ್ಲಿ ಗೆರೆ ಬಂದರೆ ಚಿತ್ರ ಸಾಯುತ್ತದೆ ಎಂದು ಅವನಿಗೆ ತೋರಿತು. ಕೈಯನ್ನೂ ಕೊಂಬೆಯನ್ನೂ ಹಾಗೆಯೇ ಬಿಟ್ಟು ಎದ್ದನು.

ನೋಡಲು ಬಂದವರು ತಮ್ಮ ತಮ್ಮ ಕೈಗಳನ್ನು ಮುಟ್ಟಿಕೊಂಡು ಹಿಂದಿರುಗಿದರು. ಹೆಂಡತಿಯೂ ಬಂದಳು.

"ನನ್ನ ಕೈ ಎಲ್ಲಿ ಮುಗಿಯಿತು?" ಎಂದು ಕೇಳಿದಳು.

"ಮುಗಿದಿಲ್ಲ. ಈ ಚಿತ್ರದ ಹೆಚ್ಚುಗಾರಿಕೆಯೇ ಅದು ಕಣೇ."

"ನಿಮ್ಮ ಹೆಚ್ಚುಗಾರಿಕೆಗೆ ನಿಮ್ಮ ಕೈಯನ್ನೇ ಬರೆದುಕೊಳ್ಳಬೇಕಿತ್ತು. ನನ್ನದನ್ನು ಮುಗಿಸಿಬಿಡಿ" ಎಂದಳು. ಅವನು ನಕ್ಕನು.

ಬೆಳಗಾಗುತ್ತಲೇ ಅವನು ಎಂದಿನಂತೆ ಅಂಟಿಗಾಗಿ ಬೇವಿನ ತೊಗಟೆಗೆ ಕತ್ತಿಯಿಂದ ಗಾಯ ಮಾಡಿದನು. ಮನೆಯೊಳಗೆ ಕೊಡ ಬಿದ್ದು ಉರುಳಿದ ಸದ್ದಾಯಿತು. ಓಡಿಹೋಗಿ ನೋಡಿದರೆ ಹೆಂಡತಿ ಮಣಿಕಟ್ಟು ಹಿಡಿದುಕೊಂಡು ಗೋಡೆಗೆ ಒರಗಿದ್ದಳು. ಗಾಯವಿರಲಿಲ್ಲ, ರಕ್ತವಿರಲಿಲ್ಲ. ನೋವು ಮಾತ್ರ ಇತ್ತು.

ಅವನು ಅಂಟು ತೆಗೆಯುವುದನ್ನು ನಿಲ್ಲಿಸಿದನು. ಆದರೂ ಮರ ಅವಳನ್ನು ಬಿಡಲಿಲ್ಲ. ಕೊಂಬೆಯ ಮೇಲೆ ಇರುವೆ ಹರಿದರೆ ಅವಳು ಒಳಗೆ ಕುಳಿತು ಕೈ ಕೊಡವುತ್ತಿದ್ದಳು. ಬಿಸಿಲು ಏರಿದಾಗ ಅಂಗೈ ಒಡೆಯುತ್ತಿತ್ತು. ಮರದ ಬುಡಕ್ಕೆ ನೀರು ಹೊಯ್ದರೆ ತಣ್ಣಗಾಗುತ್ತಿತ್ತು. ಆ ಮರದ ಗೂಡಿನಲ್ಲಿ ಗುಬ್ಬಿ ಮೊಟ್ಟೆಯಿಟ್ಟ ದಿನ ಅವಳು ಬೆರಳುಗಳನ್ನು ಮಡಿಸಿಕೊಂಡು, ಏನನ್ನೋ ಹಿಡಿದುಕೊಂಡವಳಂತೆ, ಸಂಜೆಯವರೆಗೆ ಆ ಕೈಯಿಂದ ಯಾವ ಕೆಲಸವನ್ನೂ ಮಾಡಲಿಲ್ಲ. ಏನೆಂದು ಅವನು ಕೇಳಿದನು. "ಬೆಚ್ಚಗಿದೆ" ಎಂದಷ್ಟೇ ಹೇಳಿದಳು. ಅವಳ ಮುಖದಲ್ಲಿ ಸಂತೋಷವನ್ನು ಕಂಡು ಅವನಿಗೆ ನೋವನ್ನು ಕಂಡಾಗ ಆದುದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಇವಳು ಇನ್ನು ಎಷ್ಟು ನನ್ನವಳು, ಎಷ್ಟು ಮರದವಳು ಎಂದು ಯೋಚಿಸಿದನು.

ಇಷ್ಟರಲ್ಲಿ ಛತ್ರಕ್ಕೆ ಬಾಗಿಲು ಬೇಕಾಯಿತು. ಅಂಗಳದ ಬೇವನ್ನು ಕಡಿಯಲು ಆಳುಗಳನ್ನು ಕಳುಹಿಸುತ್ತೇನೆಂದು ವ್ಯಾಪಾರಿ ಹೇಳಿಕಳುಹಿಸಿದನು. ಕೊಡಲಿ ಬಿದ್ದರೆ ಹೆಂಡತಿ ಉಳಿಯುವುದಿಲ್ಲ ಎಂದು ಚಿತ್ರಗಾರನಿಗೆ ಸಂದೇಹವೇ ಇರಲಿಲ್ಲ. ಓಡಿಹೋಗಿ ವ್ಯಾಪಾರಿಯ ಕಾಲು ಹಿಡಿದನು. ನಡೆದುದನ್ನೆಲ್ಲ ಹೇಳಿದನು.

ವ್ಯಾಪಾರಿ ಹೊಟ್ಟೆ ಹಿಡಿದುಕೊಂಡು ನಕ್ಕನು. "ಅಲ್ಲಯ್ಯಾ, ನೀನು ಬರೆದದ್ದನ್ನು ನೀನೇ ನಂಬಿಬಿಟ್ಟೆಯಾ? ನಾಳೆ ಹುಲಿ ಬರೆದರೆ ನಾನು ದನಗಳನ್ನು ಒಳಗೆ ಕಟ್ಟಿಸಬೇಕೋ?"

"ಧಣಿ, ಮರವೊಂದನ್ನು ಬಿಟ್ಟುಬಿಡಿ."

"ಮರ ಬಿಟ್ಟರೆ ಛತ್ರಕ್ಕೆ ನಿನ್ನನ್ನೇ ಬಾಗಿಲಾಗಿ ನಿಲ್ಲಿಸಲೇ? ಗೆರೆ ಎಳೆಯದೆ ಬಿಟ್ಟವನು ನೀನು. ಹೋಗಿ ಎಳೆ. ಆಳುಗಳು ಆಗಲೇ ಹೊರಟಾಯಿತು."

ಚಿತ್ರಗಾರನು ಛತ್ರಕ್ಕೆ ಓಡಿದನು. ಕರಟದಲ್ಲಿ ಹಿಂದೆ ಅರೆದಿಟ್ಟ ಕಪ್ಪು ಒಣಗಿತ್ತು. ಅದಕ್ಕೆ ಉಗುಳಿ, ಬೆರಳಿನಿಂದ ತಿಕ್ಕಿ, ಕುಂಚ ಅದ್ದಿದನು. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ಮಣಿಕಟ್ಟಿಗೆ ಅಡ್ಡಲಾಗಿ ಗೆರೆ ಎಳೆದನು. ತುದಿಗೆ ತುದಿ ಕೂಡಿತು. ಗೋಡೆಯ ಮೇಲೆ ಕೈ ಬರಿಯ ಕೈಯಾಯಿತು, ಕೊಂಬೆ ಬರಿಯ ಕೊಂಬೆಯಾಯಿತು.

ಮನೆಗೆ ಬರುವಷ್ಟರಲ್ಲಿ ಕೊಡಲಿಯ ಸದ್ದು ಬೀದಿಯವರೆಗೆ ಕೇಳುತ್ತಿತ್ತು. ಹೆಂಡತಿ ಹೊಸ್ತಿಲ ಮೇಲೆ ನಿಂತು ನೋಡುತ್ತಿದ್ದಳು.

"ನೋಯುತ್ತಿದೆಯೇ?" ಎಂದು ಅವನು ಏದುಸಿರು ಬಿಡುತ್ತ ಕೇಳಿದನು.

"ಇಲ್ಲವಲ್ಲ. ಏನೂ ಇಲ್ಲ" ಎಂದು ಅವಳು ಕೈ ತಿರುಗಿಸಿ ತೋರಿಸಿದಳು.

ಮರ ಉರುಳಿತು. ಗೂಡು ಅಂಗಳದಲ್ಲಿ ಬಿದ್ದು ಚದುರಿತು. ರೆಕ್ಕೆ ಬಲಿಯದ ಮರಿಗಳು ಮಣ್ಣಿನಲ್ಲಿ ಬಾಯಿ ತೆರೆಯುತ್ತಿದ್ದವು. ಅವಳು ಅವುಗಳನ್ನು ದಾಟಿಕೊಂಡು ಹೋಗಿ, ಒಲೆಗೆ ಆಗುತ್ತದೆಂದು ಚೆಕ್ಕೆಗಳನ್ನು ಆರಿಸಿ ತಂದಳು. ಚಿತ್ರಗಾರನು ಅದನ್ನು ನೋಡಿದನು. ನೋಡಿಯೂ ಮನಸ್ಸಿಗೆ ತಂದುಕೊಳ್ಳಲಿಲ್ಲ. ಹೆಂಡತಿ ಉಳಿದಳಲ್ಲ ಎಂಬ ನೆಮ್ಮದಿಯೇ ಅವನಿಗೆ ದೊಡ್ಡದಾಗಿತ್ತು.

ಊಟಕ್ಕೆ ಕುಳಿತನು. ಬಹಳ ದಿನಗಳ ಮೇಲೆ ಅವನಿಗೆ ಹಸಿವಾಗಿತ್ತು. ಅವಳು ಅವನಿಗೆ ಬೆನ್ನು ಮಾಡಿ ಒಲೆಯ ಮುಂದೆ ರೊಟ್ಟಿ ಸುಡುತ್ತಿದ್ದಳು. ಆಳುಗಳ ಮಾತು, ವ್ಯಾಪಾರಿಯ ಮಾತು, ನೆರೆಯವರ ಮಾತು ಹೇಳಿ ನಗುತ್ತಿದ್ದಳು. ಏನೋ ಸುಟ್ಟ ವಾಸನೆ ಬಂದಿತು. ರೊಟ್ಟಿಯ ವಾಸನೆ ಅದಲ್ಲ. ಅವನು ಎದ್ದು ಅವಳ ಭುಜದ ಮೇಲಿನಿಂದ ಇಣುಕಿ ನೋಡಿದನು.

ಅವಳ ಅಂಗೈ ಕಾದ ಹಂಚಿನ ಮೇಲೆ ಚಾಚಿಕೊಂಡು ಬಿದ್ದಿತ್ತು.

"ಇನ್ನೊಂದು ರೊಟ್ಟಿ ಹಾಕಲೇ?" ಎಂದು ಅವಳು ತಿರುಗಿ ನೋಡದೆ ಕೇಳಿದಳು.

ಅವನು ಆ ಕೈಯನ್ನು ಎಳೆದು ನೀರಿನಲ್ಲಿ ಅದ್ದಿದನು. ಅವಳು ಆಶ್ಚರ್ಯದಿಂದ ನೋಡಿದಳೇ ಹೊರತು ನರಳಲಿಲ್ಲ. ಅವನು ಮತ್ತೆ ಛತ್ರಕ್ಕೆ ಓಡಿದನು. ಒದ್ದೆ ಬಟ್ಟೆಯಿಂದ ಗೆರೆಯನ್ನು ಒರೆಸಿದನು, ಹೋಗಲಿಲ್ಲ. ಉಗುರಿನಿಂದ ಕೆರೆದನು, ಗಾರೆ ಉದುರಿತು. ಗಾರೆಯೊಂದಿಗೆ ಬಣ್ಣವೂ ಉದುರಿ, ಗೋಡೆಯ ಮೇಲೆ ಕೈ ಇದ್ದ ಜಾಗದಲ್ಲಿ ಬರಿಯ ಕಲ್ಲು ಕಾಣಿಸಿತು. ಗೆರೆ ಎಳೆಯುವುದನ್ನು ಅವನ ತಂದೆ ಕಲಿಸಿದ್ದನು. ಅಳಿಸುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಛತ್ರಕ್ಕೆ ಬೇವಿನ ಬಾಗಿಲು ನಿಂತಿತು. ಚಿತ್ರಗಾರನು ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟನು. ಅವಳು ಬದುಕಿರುವವರೆಗೂ ಅವಳನ್ನು ಬೆಂಕಿಯ ಹತ್ತಿರ ಬಿಡಲಿಲ್ಲ. ಒಲೆಯನ್ನು ತಾನೇ ಹೊತ್ತಿಸಿದನು. ಗೋಡೆ ಕೊಟ್ಟ ಕಡೆಗಳಲ್ಲೆಲ್ಲ ಅದೇ ಚಿತ್ರವನ್ನು ಬರೆದನು. ಮಣಿಕಟ್ಟಿಗೆ ಬಂದಾಗ ಕುಂಚವನ್ನು ಕೆಳಗಿಟ್ಟು ಏಳುತ್ತಿದ್ದನು. ಒಂದು ಮಳೆಗಾಲ ಈ ಮಠದಲ್ಲಿಯೂ ಅವರು ಉಳಿದಿದ್ದರಂತೆ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಮಂಟಪದ ಕಡೆಯಿಂದ ಗಾಳಿ ಬೀಸಿತು. ಕೊಟ್ರಯ್ಯನು ತನಗೆ ತಿಳಿಯದಂತೆಯೇ ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡಿದ್ದನು. ಬೋಗುಣಿಯಲ್ಲಿ ಸುಣ್ಣ ಕೆನೆಗಟ್ಟುತ್ತಿತ್ತು. ಅದರ ಕಡೆಗೆ ಅವನು ಕೈ ಚಾಚಲಿಲ್ಲ.

"ಇನ್ನೂ ನೋಯುತ್ತಿದೆಯೇ?" ಎಂದು ಗುರುಗಳು ಕೇಳಿದರು.

ಅವನು ಹೌದೆಂದು ತಲೆಯಾಡಿಸಿದನು.

"ಹಾಗಾದರೆ ಅದು ವಾಸಿಯಾಗದಂತೆ ನೋಡಿಕೋ."