ಜಡೆಯನ ಬೆನ್ನೇರಿದ ದೊಡ್ಡ ಸಾಹೇಬ್ರು

ಹೂಂಗುಟ್ಟೋರು ಹತ್ರ ಬನ್ನಿ, ತೂಕಡಿಸೋರು ಗೋಡೆಗೆ ಒರಗಿ. ಜಡೆಯನ ಕತೆ ಕೇಳಿ ನೀವು ನಕ್ಕರೆ ನನಗೇನೂ ಬೇಜಾರಿಲ್ಲ, ಅವನ ಹೆತ್ತವ್ವನೇ ಎಷ್ಟೋ ಸಲ ನಕ್ಕಿದ್ದಾಳೆ. ಆದ್ರೆ ಅರ್ಧಕ್ಕೆ ಎದ್ದು ಹೋಗಬಾರ್ದು, ಅಷ್ಟೇ.

ಗಾಳಿನೆತ್ತಿ ಅಂತ ಒಂದು ಬೆಟ್ಟ. ಸುತ್ತಲೂ ಕಾಡು, ಕಾಡಿಗೆಲ್ಲಾ ರಾಷ್ಟ್ರೀಯ ಉದ್ಯಾನ ಅಂತ ಬೋರ್ಡು. ಕಡೇ ಬಸ್ಸು ನಿಲ್ಲೋ ಜಾಗದಿಂದ ಇನ್ನೂ ಹತ್ತು ಮೈಲಿ ಜೀಪಲ್ಲಿ ಕುಲುಕಾಡ್ಕೊಂಡು ಬಂದ್ರೆ ಬೆಟ್ಟದ ಬುಡದಲ್ಲಿ ಫಾರೆಸ್ಟಿನವರ ಕ್ಯಾಂಪು. ಆ ಕ್ಯಾಂಪಲ್ಲಿ ಅಡುಗೆ ಮಾಡೋಳು ಕ್ಯಾತಮ್ಮ. ಅವಳಿಗೆ ಒಬ್ಬನೇ ಮಗ, ಜಡೆಯ. ಮೂವತ್ತೆರಡು ವರ್ಷ, ಬಾಗಿಲಿಗೆ ತಲೆ ತಾಗೋ ಆಳು, ಇಬ್ಬರು ಹೊರೋ ಮೂಟೆ ಒಬ್ಬನೇ ಹೊರ್ತಾನೆ. ದೇವರು ಬುದ್ಧಿ ಹಂಚೋವಾಗ ಮಾತ್ರ ಇವನು ನೀರು ತರೋಕೆ ಹೋಗಿದ್ದ ಅಂತ ಕಾಣುತ್ತೆ.

"ಅನ್ನ ಉಕ್ಕುತ್ತೇನೋ ನೋಡ್ತಿರು ಮಗಾ" ಅಂತ ಅವ್ವ ಸೌದೆಗೆ ಹೋದ್ಲು. ಬರೋ ಹೊತ್ತಿಗೆ ಒಲೆ ಆರಿ, ಗಂಜಿಯೆಲ್ಲಾ ಬೂದಿ ಪಾಲು.

"ಉಕ್ತು ಅವ್ವಾ! ಮೂರು ಸಲ ಉಕ್ತು! ಕಣ್ಣು ಮಿಟುಕಿಸದೆ ನೋಡ್ದೆ!"

ಏನು ಹೇಳ್ತೀರಿ ಇಂಥವನಿಗೆ? ಕ್ಯಾತಮ್ಮ ಹಣೆ ಹಣೆ ಚಚ್ಚಿಕೊಂಡ್ಲು. ಅವಳ ಮಂಡಿ ಎರಡೂ ಊದಿದ್ವು, ಒಲೆ ಮುಂದೆ ಕೂತ್ರೆ ಏಳೋಕಾಗ್ತಿರ್ಲಿಲ್ಲ. 'ನಾನು ಕಣ್ಮುಚ್ಚಿದ ಮೇಲೆ ಈ ಮಗೂಗೆ ಒಂದು ತುತ್ತು ಇಕ್ಕೋರು ಯಾರು?' ಇದೊಂದೇ ಅವಳ ಕೊರಗು. ಇನ್ನೊಂದು ಸಣ್ಣ ಆಸೆಯೂ ಇತ್ತು, ಅದನ್ನ ಬಾಯಿಬಿಟ್ಟು ಹೇಳ್ತಿರ್ಲಿಲ್ಲ. ಮೂವತ್ತು ವರ್ಷ ಬೆಟ್ಟ ಹತ್ತೋರಿಗೆಲ್ಲಾ ಬುತ್ತಿ ಕಟ್ಟಿಕೊಟ್ಟೋಳು ತಾನು ಮಾತ್ರ ಒಂದು ಸಲವೂ ತುದಿ ಕಂಡಿರ್ಲಿಲ್ಲ. ಮೊದಲು ಮಗ ಬಿಡ್ಲಿಲ್ಲ, ಆಮೇಲೆ ಒಲೆ ಬಿಡ್ಲಿಲ್ಲ, ಈಗ ಮಂಡಿ ಬಿಡ್ತಿಲ್ಲ. ಕೈ ಒರೆಸ್ಕೊಳ್ತಾ ಒಂದೊಂದು ಸಲ ಮೇಲೆ ನೋಡೋಳು, "ಅಲ್ಲಿಂದ ಏನು ಕಾಣುತ್ತೋ ಏನೋ" ಅನ್ನೋಳು.

ಒಂದಿನ ರೇಂಜರ್ ಸಾಹೇಬ್ರ ಕೈಕಾಲು ಹಿಡಿದ್ಲು. "ಸ್ವಾಮಿ, ನನ್ನ ಮಗನಿಗೊಂದು ಕೆಲಸ ಕೊಡಿ. ಕಣ್ಣು ಕಟ್ಟಿ ಬಿಟ್ರೂ ಬೆಟ್ಟದ ದಾರಿ ತಪ್ಪಲ್ಲ."

"ಮೂರು ಸಲ ಜನರ ಜೊತೆ ಕಳಿಸಿ ನೋಡ್ತೀನಿ. ಸರಿಹೋದ್ರೆ ಗೈಡ್ ಕಾರ್ಡು. ಇಲ್ಲಾಂದ್ರೆ ನನ್ನ ಬಯ್ಕೋಬಾರ್ದು" ಅಂದ್ರು.

ಮೊದಲನೇ ದಿನ ಪಟ್ಟಣದಿಂದ ನಾಲ್ಕು ಜನ ಬಂದ್ರು. ಗೇಟಲ್ಲಿ ವಾಚರ್ ದಾಸೇಗೌಡ ಅವರ ಚೀಲ ಬಿಚ್ಚಿ ಕವರು, ಬಾಟ್ಲಿ ಎಲ್ಲಾ ಎಣಿಸಿ ಬರ್ಕೊಂಡ. ಕಾಡಲ್ಲಿ ಪ್ಲಾಸ್ಟಿಕ್ ಬಿಸಾಡಬಾರ್ದಲ್ಲ, ಅದಕ್ಕೆ.

"ನೋಡೋ ಜಡೆಯ, ಮೇಲಕ್ಕೆ ಏನೇನು ಹೋಯ್ತೋ ಅದೆಲ್ಲಾ ವಾಪಸ್ ಬರ್ಬೇಕು."

"ಅಷ್ಟೇ ತಾನೇ?"

"ಅಷ್ಟೇ."

ಮಧ್ಯಾಹ್ನ ಬಂಡೆ ಮೇಲೆ ಕೂತು ಅವರು ಚಿತ್ರಾನ್ನದ ಪೊಟ್ಟಣ ಬಿಚ್ಚಿದ್ರು. ಜಡೆಯ ಹಾರಿ ಬಂದು ಕಿತ್ಕೊಂಡ.

"ತಿನ್ನಂಗಿಲ್ಲ! ಎಣಿಸಿದ್ದಾರೆ! ಎಲ್ಲಾ ವಾಪಸ್ ಹೋಗ್ಬೇಕು!"

"ನೀರಾದ್ರೂ ಕುಡಿಯೋಣ ಕಣಯ್ಯಾ!"

"ಬಾಟ್ಲಿ ಆರು! ಬರ್ಕೊಂಡಿದ್ದಾರೆ!"

ಸಂಜೆಗೆ ನಾಲ್ಕೂ ಜನ ನಾಲಿಗೆ ಒಣಗಿಸ್ಕೊಂಡು ಇಳಿದ್ರು. ಹಿಂದೆ ಜಡೆಯ, ತಲೆ ಮೇಲೆ ಹಳಸಿದ ಚಿತ್ರಾನ್ನ. "ಎಣಿಸ್ಕೊಳ್ಳಿ ಗೌಡ್ರೇ! ಒಂದು ಕಡ್ಲೇಬೀಜ ಕಮ್ಮಿಯಿಲ್ಲ!"

"ಅಯ್ಯೋ ನನ್ನ ಕರ್ಮವೇ!" ಅಂದ್ಲು ಕ್ಯಾತಮ್ಮ. "ಖಾಲಿ ಕವರು ತಾ ಅಂದ್ರೆ ಅನ್ನ ತಂದ್ಯೇನೋ! ಹಸಿದವರನ್ನ ಉಪವಾಸ ಕೆಡವಬಾರ್ದು ಕಣೋ. ಹಸಿದು ಎದುರಿಗೆ ನಿಂತ್ರೆ ಬುತ್ತಿ ಬಿಚ್ಚಿ ಮುಂದಿಡ್ಬೇಕು."

"ಅಷ್ಟೇ ತಾನೇ ಅವ್ವಾ?"

"ಅಷ್ಟೇ ಮಗಾ."

ಎರಡನೇ ಸಲ ಹೊಸದಾಗಿ ಮದುವೆಯಾದ ಗಂಡಹೆಂಡ್ತಿ. ಅರ್ಧ ದಾರೀಲಿ ಪೊದೆ ಸರಿಸ್ಕೊಂಡು ಒಂದು ಕರಡಿ ಬಂತು. ಪಕ್ಕೆಲುಬು ಎಣಿಸ್ಬೋದು, ಅಷ್ಟು ಬಡಕಲು. ಗಂಡ ಒಂದು ಮರಕ್ಕೆ, ಹೆಂಡ್ತಿ ಇನ್ನೊಂದು ಮರಕ್ಕೆ! ಜಡೆಯ ಮಾತ್ರ ಚೀಲ ಬಿಚ್ಚಿದ.

"ಪಾಪ, ಎಷ್ಟು ದಿನ ಆಯ್ತಪ್ಪಾ ಉಂಡು? ಚಪಾತಿ ತಗೋ. ಪಲ್ಯ ಹಾಕ್ಲಾ?"

ಕರಡಿ ಚಪಾತಿ ತಿಂತು, ಪಲ್ಯ ನೆಕ್ತು, ಬಾಳೆಹಣ್ಣು ಸಿಪ್ಪೆ ಸಮೇತ ನುಂಗ್ತು. ಇಂಥಾ ಮರ್ಯಾದೆ ಇನ್ನೆಲ್ಲಿ ಸಿಗುತ್ತೆ ಅಂತ ಇವರ ಹಿಂದೇನೇ ಗೇಟಿನವರೆಗೂ ನಡ್ಕೊಂಡು ಬಂತು. ದಾಸೇಗೌಡ ತಲೆ ತಗ್ಗಿಸಿ ಬರೀತಿದ್ದ.

"ಹೋದವರು ಮೂರು. ಬಂದವರೆಷ್ಟೋ?"

"ನಾಲ್ಕು ಗೌಡ್ರೇ!"

ತಲೆ ಎತ್ತಿ ನೋಡ್ದ ದಾಸೇಗೌಡ. ಆಮೇಲೆ ಅವನನ್ನ ಗೇಟಿನ ಶೆಡ್ಡಿನ ತಗಡಿನ ಮೇಲಿಂದ ಇಳಿಸೋಕೆ ಏಣಿ ತರಬೇಕಾಯ್ತು.

"ಅಲ್ಲೋ ಪೆದ್ದೇ, ಕಾಡುಪ್ರಾಣೀನ ಯಾರಾದ್ರೂ ಊಟಕ್ಕೆ ಕರೀತಾರೇನೋ!" ಅಂದ್ಲು ಅವ್ವ. ಬೈತಾ ಬೈತಾ ಅವನ ಮೈಯೆಲ್ಲಾ ತಡವಿ ನೋಡಿದ್ಲು, ಎಲ್ಲಾದ್ರೂ ಗಾಯ ಆಗಿದ್ಯಾ ಅಂತ. "ಪ್ರಾಣಿ ಎದುರಾದ್ರೆ ಅಲ್ಲಾಡ್ಬಾರ್ದು, ಮಾತಾಡ್ಬಾರ್ದು, ಯಾರನ್ನೂ ಮುಂದೆ ಬಿಡ್ಬಾರ್ದು. ಅದು ತಾನಾಗಿ ಹೋಗೋವರೆಗೂ ನಿಂತಲ್ಲೇ ನಿಂತಿರ್ಬೇಕು."

"ಅಷ್ಟೇ ತಾನೇ ಅವ್ವಾ?"

"ಅಷ್ಟೇ ಮಗಾ."

ಮೂರನೇ ಸಲ ಮೂರು ಜನ ಮೇಷ್ಟ್ರು. ಮೊದಲನೇ ತಿರುವಲ್ಲೇ ಇಲಾಖೆಯವರು ಹಿಂದಿನ ದಿನ ಒಂದು ತಗಡಿನ ಬೋರ್ಡು ನೆಟ್ಟಿದ್ರು, ಅದರ ಮೇಲೆ ಆಳೆತ್ತರದ ಕಾಟಿ, ಅದೇ ಕಾಡುಕೋಣದ ಚಿತ್ರ, ಕೊಂಬು ಗಿಂಬು ಎಲ್ಲಾ ಸೊಗಸಾಗಿ ಬರೆಸಿದ್ರು. ಜಡೆಯ ಎರಡು ಕೈ ಅಗಲಿಸಿ ದಾರಿಗೆ ಅಡ್ಡ ನಿಂತ.

"ಶ್! ಅಲ್ಲಾಡ್ಬೇಡಿ!"

"ಅದು ಬೋರ್ಡು ಕಣಯ್ಯಾ!"

"ಶ್!"

"ಬಣ್ಣ ಕಣೋ ಅದು!"

"ಶ್! ಹೋಗ್ಲಿ ತಡೀರಿ!"

ಎಲ್ಲಿಗೆ ಹೋಗುತ್ತೆ? ಕಂಬಕ್ಕೆ ಮೊಳೆ ಹೊಡೆದಿದ್ದಾರೆ! ಬಿಸಿಲು ನೆತ್ತಿಗೆ ಬಂತು, ನೆತ್ತಿ ದಾಟಿ ಇಳೀತು. ಮೇಷ್ಟ್ರ ಕಾಲಿಗೆ ಜಿಗಣೆ ಹತ್ತಿ ಮಂಡಿವರೆಗೂ ಬಂದ್ವು. ಸಂಜೆ ಹುಡುಕ್ಕೊಂಡು ಬಂದ ದಾಸೇಗೌಡನ ಕಿವೀಲಿ ಜಡೆಯ ಪಿಸುಗುಟ್ಟಿದ. "ಭಾರೀ ಮೊಂಡು ಕಾಟಿ ಗೌಡ್ರೇ. ಬೆಳಗ್ಗಿಂದ ರೆಪ್ಪೆ ಬಡಿದಿಲ್ಲ."

ಅಲ್ಲಿಗೆ ಮೂರು ಸಲ ಮುಗೀತು. ಕಾರ್ಡು ಇಲ್ಲ ಅಂತ ರೇಂಜರ್ ಸಾಹೇಬ್ರು ಹೇಳಿ ಕಳಿಸಿದ್ರು.

ಅವತ್ತು ಸಾಯಂಕಾಲ ಕ್ಯಾತಮ್ಮ ಬೈಯಲಿಲ್ಲ. ಮಗನ ತಟ್ಟೆಗೆ ಮುದ್ದೆ ಇಕ್ಕಿ, ಒಲೆ ಕಡೆ ಮುಖ ಮಾಡಿ ಕೂತ್ಲು. ಜಡೆಯ ತಟ್ಟೆ ಬಿಟ್ಟೆದ್ದು, ದಿನಾ ಮಾಡೋ ಹಾಗೆ ಎಣ್ಣೆ ಬಿಸಿ ಮಾಡಿ ಅವಳ ಮಂಡಿ ನೀವೋಕೆ ಕೂತ.

"ಬೈಯವ್ವಾ."

ಅವಳು ಒಲೆಗೆ ಇನ್ನೊಂದು ಸೌದೆ ತಳ್ಳಿದ್ಲು.

"ನೀನು ಬೈದು ಹೇಳ್ದೆ ಹೋದ್ರೆ ನಾನು ನಾಳೆ ಏನು ಮಾಡ್ಲಿ ಅವ್ವಾ?"

ಅದನ್ನೇ ಕಣೋ ನಾನೂ ಯೋಚಿಸ್ತಿರೋದು ಅಂತ ಕ್ಯಾತಮ್ಮ ಮನಸ್ಸಲ್ಲೇ ಅಂದ್ಕೊಂಡ್ಲು. ಅವನ ತಲೆ ತಡವಿದ್ಲು, ಅಷ್ಟೇ.

ಮಾರನೇ ದಿನ ಬೆಳಗ್ಗೆ ಹೇಳ್ದೆ ಕೇಳ್ದೆ ಬಂದ್ರು ನೋಡಿ ಇಲಾಖೆಯ ದೊಡ್ಡ ಸಾಹೇಬ್ರು, ರೇಂಜರಿಗೂ ಮೇಲಿನವರು! ಗಿರಿಜಾ ಮೀಸೆ, ಗುಡಾಣದ ಹೊಟ್ಟೆ, ಕೆಂಗಣ್ಣು. ಬೆಟ್ಟ ಈಗಲೇ ಹತ್ತಿ ನೋಡ್ಬೇಕು ಅಂದ್ರು. ರೇಂಜರೂ ಇಲ್ಲ, ಗೈಡುಗಳೂ ಇಲ್ಲ, ಎಲ್ಲಾ ಜೋಳದ ಹೊಲದಿಂದ ಆನೆ ಅಟ್ಟೋಕೆ ಹೋಗಿದ್ರು. ಇದ್ದವನು ಜಡೆಯ ಒಬ್ಬನೇ!

ಕ್ಯಾತಮ್ಮ ಕುಂಟ್ಕೊಂಡು ಓಡಿ ಬಂದ್ಲು. ಏನು ಹೇಳಿ ಕಳಿಸೋದು? ಹೇಳಿದ್ದೆಲ್ಲಾ ಎಡವಟ್ಟೇ ಆಗಿದೆ!

"ಮಗಾ, ನಾನಿನ್ನು ಬೇರೇನೂ ಹೇಳಲ್ಲ. ನನ್ನನ್ನ ಹೆಂಗೆ ನೋಡ್ಕೊಳ್ತೀಯೋ ಅವರನ್ನೂ ಹಂಗೇ ನೋಡ್ಕೋ."

"ಅಷ್ಟೇ ತಾನೇ ಅವ್ವಾ?"

"ಅಷ್ಟೇ ಮಗಾ."

ನೂರು ಹೆಜ್ಜೆ ನಡೆದಿರ್ಲಿಲ್ಲ, ಜಡೆಯ ನಿಂತ. "ಒಂಚೂರು ಕೂತ್ಕೋ ಅವ್ವಾ."

ಸಾಹೇಬ್ರು ಹಿಂದೆ ತಿರುಗಿ ನೋಡಿದ್ರು, ಯಾರೂ ಇಲ್ಲ. "ಯಾರಿಗೋ ಹೇಳ್ತಿದ್ದೀಯ?"

"ನಿನಗೇ ಕಣವ್ವಾ."

ಹಳ್ಳ ಬಂತು. ಜಡೆಯ ಕೇಳ್ಲೂ ಇಲ್ಲ, ಮಾಡ್ಲೂ ಇಲ್ಲ, ಸಾಹೇಬ್ರನ್ನ ಎತ್ತಿ ಬೆನ್ನಿಗೆ ಹಾಕ್ಕೊಂಡ.

"ಇಳಿಸೋ! ನಾನ್ಯಾರು ಗೊತ್ತೇನೋ!"

"ಸುಮ್ನಿರವ್ವಾ. ಮಂಡಿಗೆ ತಣ್ಣೀರು ತಾಗಬಾರ್ದು."

ಸಾಹೇಬ್ರು ಒದ್ದಾಡೋದು ಬಿಟ್ಟು ಅವನ ಕುತ್ತಿಗೆ ತಬ್ಬಿ ಹಿಡ್ಕೊಂಡ್ರು. ಯಾಕಂದ್ರೆ ಅವರ ಮಂಡಿ ಎರಡು ವರ್ಷದಿಂದ ಸವೆದು ಹೋಗಿತ್ತು. ಕೈಕೆಳಗಿನವರಿಗೆ ಗೊತ್ತಾಗಬಾರ್ದು ಅಂತ ಹಲ್ಲು ಕಚ್ಕೊಂಡು ಠೀವಿಯಿಂದ ನಡೀತಿದ್ರು, ಪಾಪ. ನೋವಾ ಅಂತ ಕೇಳೋರು ಒಬ್ಬರೂ ಇರ್ಲಿಲ್ಲ. ಬಂಡೆ ಮೇಲೆ ಕೂರಿಸಿ, ಪ್ಯಾಂಟು ಮಡಚಿ, ಜಡೆಯ ಚೀಲದಿಂದ ಎಣ್ಣೆ ಸೀಸೆ ತೆಗೆದು ನೀವಿದ. ಬುತ್ತಿ ಬಿಚ್ಚಿ ಮುದ್ದೆ ಮುರಿದು ಸಾರಲ್ಲಿ ಅದ್ದಿದ.

"ಬಾಯಿ ತೆಗಿ ಅವ್ವಾ."

ಗಿರಿಜಾ ಮೀಸೆ ಕೆಳಗೆ ಬಾಯಿ ತೆರೀತು! ತಾಯಿ ಸತ್ತ ಮೇಲೆ ಅವರಿಗೆ ಹಂಗೆ ಹೇಳಿದವರೇ ಇರ್ಲಿಲ್ಲ. ತುತ್ತು ನುಂಗಿ, ಆ ಕೆಂಗಣ್ಣಿನ ಮನುಷ್ಯ ಮಗು ಥರ ಅತ್ತುಬಿಟ್ರು.

ತುದಿವರೆಗೂ ಬೆನ್ನ ಮೇಲೆ, ವಾಪಸ್ಸೂ ಬೆನ್ನ ಮೇಲೆ. ಗೇಟಲ್ಲಿ ದಾಸೇಗೌಡ ಪೆನ್ನು ತಲೆಕೆಳಗಾಗಿ ಹಿಡ್ಕೊಂಡು ಪುಸ್ತಕ ಬಿಚ್ಚಿದ.

"ಹೋ... ಹೋದದ್ದು ಯಾರೋ?"

"ದೊಡ್ಡ ಸಾಹೇಬ್ರು."

"ಬಂದದ್ದು?"

"ಅವ್ವ."

ಮುಗೀತು ನನ್ನ ಮಗನ ಕತೆ ಅಂತ ಕ್ಯಾತಮ್ಮ ಬಾಯಿಗೆ ಸೆರಗು ತುರುಕ್ಕೊಂಡ್ಲು. ಸಾಹೇಬ್ರು ಬೆನ್ನಿಂದ ಇಳಿದು, ಟೋಪಿ ಸರಿಮಾಡ್ಕೊಂಡು, ಒಂದ್ಸಲ ಕೆಮ್ಮಿದ್ರು.

"ಈ ಆಳಿಗೆ ಇನ್ನೂ ಯಾಕೆ ಕಾರ್ಡು ಕೊಟ್ಟಿಲ್ಲ? ವಯಸ್ಸಾದವರು, ಕಾಲು ನೋವಿನವರು ಯಾರು ಬಂದ್ರೂ ಇವನ ಜೊತೇನೇ ಕಳಿಸಿ!" ಅಲ್ಲೇ ನಿಂತು ಕಾರ್ಡಿಗೆ ಸಹಿ ಹಾಕಿದ್ರು. ಜೀಪು ಹತ್ತೋವಾಗ ಜಡೆಯನ ಭುಜ ತಟ್ಟಿದ್ರು. "ನಾಳೆಯಿಂದ ಯಾರೇ ಬರ್ಲಿ, ದೊಡ್ಡ ಸಾಹೇಬ್ರು ಬಂದ್ರು ಅಂತ್ಲೇ ತಿಳ್ಕೊಂಡು ಕರ್ಕೊಂಡು ಹೋಗ್ಬೇಕು, ಗೊತ್ತಾಯ್ತಾ?"

"ಅಷ್ಟೇ ತಾನೇ ಅವ್ವಾ?"

"ಅಷ್ಟೇ ಮಗಾ" ಅಂದ್ರು ಸಾಹೇಬ್ರು.

ಮಾರನೇ ದಿನ ನಸುಕಲ್ಲೇ ಕಾರ್ಡು ನೇತು ಹಾಕ್ಕೊಂಡು ಜಡೆಯ ನೆಟ್ಟಗೆ ಅಡುಗೆಮನೆಗೆ ಬಂದ. ಒಲೆ ಮುಂದೆ ಕೂತಿದ್ದ ಕ್ಯಾತಮ್ಮನ್ನ ಎತ್ತಿ ಬೆನ್ನಿಗೆ ಹಾಕ್ಕೊಂಡ.

"ಎಲ್ಲಿಗೋ! ಇಳಿಸೋ ಪೆದ್ದೇ! ಮುದ್ದೆ ತೊಳಸ್ಬೇಕು ಕಣೋ!"

ಗೇಟಲ್ಲಿ ದಾಸೇಗೌಡ ಪುಸ್ತಕ ಬಿಚ್ಚಿದ. "ಯಾರು ಹೋಗ್ತಿರೋದು?"

"ದೊಡ್ಡ ಸಾಹೇಬ್ರು!"

ದಾಸೇಗೌಡ ತಲೆ ಎತ್ತಿದ. ಹರಿದ ಸೆರಗು, ಮಸಿ ಹತ್ತಿದ ಕೈ, ಊದಿದ ಮಂಡಿ. ಪೆನ್ನು ಕೆಳಗಿಟ್ಟ, ಎದ್ದು ನಿಂತ, ಠಕ್ ಅಂತ ಒಂದು ಸೆಲ್ಯೂಟು ಹೊಡೆದು ಗೇಟು ತೆಗೆದ.

ಗಾಳಿನೆತ್ತಿ ತುದೀಲಿ ಜಡೆಯ ಅವ್ವನ್ನ ಇಳಿಸಿದ. ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೂ ಬೆಟ್ಟ. ಬುಡದಲ್ಲಿ ಅವಳ ಅಡುಗೆಮನೆ ತಗಡು ಉಗುರಿನಷ್ಟು ಕಾಣ್ತಿತ್ತು. ಮೂವತ್ತು ವರ್ಷ ಇದ್ದದ್ದು ಅಷ್ಟು ಜಾಗದಲ್ಲಾ ಅಂತ ಅವಳಿಗೆ ನಗುನೂ ಬಂತು, ಅಳುನೂ ಬಂತು. ಮಗನ ಎದೆ ಮೇಲಿನ ಕಾರ್ಡನ್ನ ಸೆರಗಲ್ಲಿ ಒರೆಸಿದ್ಲು.

"ಇನ್ನು ನನಗೆ ಭಯ ಇಲ್ಲ ಮಗಾ. ನಾನು ಹೋದ್ರೂ ನೀನು ಬದುಕ್ತೀಯ. ಎಲ್ಲಿ, ಬಾಯಿ ತುಂಬಾ ಒಂದ್ಸಲ ಅವ್ವಾ ಅನ್ನು, ಕೇಳ್ತೀನಿ."

ಜಡೆಯ ಹಿಮ್ಮಡಿ ಜೋಡಿಸಿದ, ಎದೆ ಉಬ್ಬಿಸಿದ, ಕೈ ಎತ್ತಿ ಹಣೆಗಿಟ್ಟ.

"ಹಂಗೇ ಆಗ್ಲಿ ಸಾರ್!"